ದೂರದೇಶದ ರೋಗ ನಮ್ಮ ಹೊಸ್ತಿಲಿಗೆ ಬರುವುದು ಹೇಗೆ?

ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿ ಭಾಗದ ಹಳ್ಳಿಗಳಿಂದ ದುಡಿಮೆಗಾಗಿ ಗೋವೆಗೆ, ಕೊಲ್ಲಿ ರಾಷ್ಟ್ರಗಳಿಗೆ, ಯಾತ್ರೆಗಾಗಿ ಮೆಕ್ಕಾಕ್ಕೆ ಹೋಗಿಬರುವವರು ಇದ್ದಾರೆ. ಪ್ರಯಾಣವು ದೋಷವಲ್ಲ. ಆದರೆ ಪ್ರಯಾಣಿಕನೊಡನೆ ರೋಗಾಣುವೂ ಟಿಕೇಟಿಲ್ಲದೆ ಬರಬಲ್ಲದು. ಅದರಿಂದ ಮಕ್ಕಳನ್ನೂ ಗರ್ಭಿಣಿಯರನ್ನೂ ಕಾಪಾಡುವ ಬಗೆಯನ್ನು ಪತಿ-ಪತ್ನಿಯರಿಬ್ಬರೂ ಕೂಡಿ ತಿಳಿದುಕೊಳ್ಳಬೇಕು.

ನಮ್ಮ ನಾಡು ಕಂಡ ಪಾಠ

1894ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಹಬ್ಬಿದ್ದ ಪ್ಲೇಗು 1896ರಲ್ಲಿ ಸಮುದ್ರಮಾರ್ಗವಾಗಿ ಮುಂಬಯಿ ಬಂದರಕ್ಕೆ ಬಂದಿತು. ಜನರ ಮತ್ತು ಸರಕಿನ ಓಡಾಟದೊಡನೆ ಒಳನಾಡಿಗೂ ಇಳಿದು, 1898ರಲ್ಲಿ ಹುಬ್ಬಳ್ಳಿಯನ್ನು ತಲ್ಲಣಗೊಳಿಸಿತು. ಆಗ ಹಾಫ್ಕಿನ್ ಎಂಬ ವಿಜ್ಞಾನಿಯು ಮುಂಬಯಿಯಲ್ಲಿ ಸಿದ್ಧಪಡಿಸಿದ್ದ ಲಸಿಕೆಯನ್ನು ಹುಬ್ಬಳ್ಳಿಯ ಸಾವಿರಾರು ಜನರಿಗೆ ಹಾಕಲಾಯಿತು.

2020ರ ಮಾರ್ಚ್ ತಿಂಗಳಲ್ಲಿ ಕೋವಿಡ್‌ನಿಂದ ಭಾರತದಲ್ಲಿ ಮೊದಲು ಮೃತರಾದವರು ಸೌದಿ ಅರೇಬಿಯಾದಿಂದ ಕಲಬುರಗಿಗೆ ಮರಳಿದ್ದ ವೃದ್ಧರು. ಅದೇ ತಿಂಗಳು ಧಾರವಾಡ ಜಿಲ್ಲೆಯಲ್ಲಿ ಪತ್ತೆಯಾದ ಮೊದಲ ರೋಗಿಯೂ ವಿದೇಶದಿಂದ ಬಂದವರೇ.

ತಪಾಸಣೆಯಿದ್ದರೂ ರೋಗ ನುಸುಳುವುದೇಕೆ?

ಬಿತ್ತಿದ ಜೋಳದ ಮೊಳಕೆಯು ಮರುದಿನವೇ ಕಾಣಿಸದು. ಹಾಗೆಯೇ ರೋಗಾಣು ದೇಹವನ್ನು ಹೊಕ್ಕ ಮೇಲೆ ಲಕ್ಷಣ ತೋರಲು ಕೆಲವು ದಿನಗಳು ಬೇಕು. ಕೋವಿಡ್‌ನಲ್ಲಿ ಈ ಅವಧಿ 14 ದಿನಗಳವರೆಗೆ ಇರಬಹುದು. ದಡಾರದಲ್ಲಿ ಸಾಮಾನ್ಯವಾಗಿ 10ರಿಂದ 14 ದಿನ. ಹಿಂದೆ ಹಡಗಿನ ಪ್ರಯಾಣ ವಾರಗಟ್ಟಲೆ ಸಾಗುತ್ತಿದ್ದುದರಿಂದ ಜ್ವರವು ದಾರಿಯಲ್ಲಿಯೇ ತಲೆದೋರುತ್ತಿತ್ತು. ಇಂದು ದುಬೈಯಿಂದ ಗೋವೆಗೆ ಕೆಲವೇ ಗಂಟೆಗಳ ವಿಮಾನಯಾನ. ಮನುಷ್ಯನು ಆರೋಗ್ಯವಂತನಂತೆ ವಿಮಾನ ಹತ್ತಿ, ಆರೋಗ್ಯವಂತನಂತೆಯೇ ಇಳಿದು, ಮನೆ ಸೇರಿದ ಮೇಲೆ ಹಾಸಿಗೆ ಹಿಡಿಯುತ್ತಾನೆ. ಆದುದರಿಂದ ವಿಮಾನ ನಿಲ್ದಾಣದ ತಪಾಸಣೆಯೊಂದನ್ನೇ ನಂಬಿ ಕೂರಲಾಗದು.

ತಾವು ಮಾಡಬೇಕಾದುದೇನು?

1. ಮಗುವಿನ ಲಸಿಕೆ ತಪ್ಪಿಸಬೇಡಿರಿ. ದಡಾರ-ರುಬೆಲ್ಲಾ ಲಸಿಕೆಯ ಮೊದಲ ಚುಚ್ಚುಮದ್ದನ್ನು 9 ತಿಂಗಳು ತುಂಬಿದೊಡನೆ, ಎರಡನೆಯದನ್ನು 16ರಿಂದ 24 ತಿಂಗಳೊಳಗೆ ಹಾಕಿಸಬೇಕು. ‘ಪೋಲಿಯೋ ಹೋಯಿತಲ್ಲ, ಹನಿ ಏಕೆ?’ ಎಂದು ಕೆಲವರು ಕೇಳುತ್ತಾರೆ. 2014ರಲ್ಲಿ ನಮ್ಮ ದೇಶವು ಪೋಲಿಯೋ ಮುಕ್ತವೆಂದು ಘೋಷಿತವಾದುದು ನಿಜ. ಆದರೆ ಪಾಕಿಸ್ತಾನ, ಅಫ್ಘಾನಿಸ್ತಾನಗಳಲ್ಲಿ ಆ ರೋಗಾಣು ಇನ್ನೂ ಅಳಿದಿಲ್ಲ. ಅದು ಮತ್ತೆ ಬಂದರೆ ಮೊದಲು ಹಿಡಿಯುವುದು ಲಸಿಕೆಯಿಲ್ಲದ ಮಗುವನ್ನೇ.

2. ಹೊರಡುವ ಮುನ್ನ ವಿಚಾರಿಸಿರಿ. ಹಜ್ ಯಾತ್ರಿಕರು ಮೆದುಳುಪೊರೆಯ ಉರಿಯೂತದ ವಿರುದ್ಧ ಲಸಿಕೆ ಪಡೆಯಬೇಕು. ಹಳದಿ ಜ್ವರವಿರುವ ಆಫ್ರಿಕಾದ ದೇಶಗಳಿಗೆ ಹೋಗುವವರು ಕನಿಷ್ಠ 10 ದಿನ ಮೊದಲೇ ಅದರ ಲಸಿಕೆ ಹಾಕಿಸಿಕೊಳ್ಳಬೇಕು. ಆ ಜ್ವರ ಭಾರತದಲ್ಲಿಲ್ಲ. ಆದರೆ ಅದನ್ನು ಹರಡಬಲ್ಲ ಸೊಳ್ಳೆ ಇಲ್ಲಿದೆ. ಡೆಂಗ್ಯೂ ಹರಡುವುದೂ ಅದೇ ಸೊಳ್ಳೆ.

3. ಆ ಸೊಳ್ಳೆಗೆ ಮನೆಯಲ್ಲಿ ತಾವು ಕೊಡಬೇಡಿರಿ. ನೀರಿನ ಅಭಾವದಿಂದ ಹಂಡೆ, ಬ್ಯಾರಲ್‌ಗಳಲ್ಲಿ ದಿನಗಟ್ಟಲೆ ನೀರು ತುಂಬಿಡುವುದು ನಮ್ಮಲ್ಲಿ ಅನಿವಾರ್ಯ. ಅವನ್ನು ಭದ್ರವಾಗಿ ಮುಚ್ಚಿಡಿರಿ. ವಾರಕ್ಕೊಮ್ಮೆ ಬರಿದುಮಾಡಿ, ತಿಕ್ಕಿ ತೊಳೆದು, ಒಣಗಿಸಿ ತುಂಬಿರಿ.

4. ಮರಳಿ ಬಂದ ಮೇಲೆ ಜ್ವರ ಬಂದರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿರಿ. ವೈದ್ಯರು ಕೇಳದಿದ್ದರೂ ಎಲ್ಲಿಗೆ ಹೋಗಿದ್ದಿರಿ, ಎಂದು ಬಂದಿರಿ ಎಂಬುದನ್ನು ಮೊದಲು ತಿಳಿಸಿರಿ. ಮಲೇರಿಯಾ ಇದೆಯೇ ಎಂದು ರಕ್ತ ಪರೀಕ್ಷೆ ಮಾಡಿಸಿ, ಕೊಟ್ಟ ಗುಳಿಗೆಗಳನ್ನು ಪೂರ್ತಿ ನುಂಗಬೇಕು. ಪತಿಗೆ ಅಂಟಿದ ಮಲೇರಿಯಾ ಸೊಳ್ಳೆಯ ಮೂಲಕ ಗರ್ಭಿಣಿ ಪತ್ನಿಗೆ ತಗುಲಿದರೆ ರಕ್ತಹೀನತೆ, ಗರ್ಭಪಾತ, ಕಡಿಮೆ ತೂಕದ ಶಿಶುವಿನ ಜನನ ಸಂಭವಿಸಬಹುದು.

5. ಝಿಕಾ ಜ್ವರದ ವಿಷಯದಲ್ಲಿ ಸಂಕೋಚ ಬೇಡ. ಕರ್ನಾಟಕದಲ್ಲಿ ಇದು ಮೊದಲು ಪತ್ತೆಯಾದುದು 2022ರ ಡಿಸೆಂಬರಿನಲ್ಲಿ, ರಾಯಚೂರು ಜಿಲ್ಲೆಯಲ್ಲಿ. ಇದು ಸೊಳ್ಳೆಯಿಂದಲ್ಲದೆ ದಾಂಪತ್ಯ ಸಂಪರ್ಕದಿಂದಲೂ ಹರಡುತ್ತದೆ. ಗರ್ಭಿಣಿಗೆ ತಗುಲಿದರೆ ಶಿಶುವಿನ ತಲೆ ಮತ್ತು ಮೆದುಳು ಸರಿಯಾಗಿ ಬೆಳೆಯದಿರಬಹುದು. ಆದ್ದರಿಂದ ಝಿಕಾ ಹರಡಿರುವ ಸ್ಥಳದಿಂದ ಮರಳಿದ ಪತಿಯು 3 ತಿಂಗಳು ನಿರೋಧ್ ಬಳಸಬೇಕು. ಪತ್ನಿಯು ಹೋಗಿಬಂದಿದ್ದರೆ 2 ತಿಂಗಳು. ಅಲ್ಲಿಯವರೆಗೆ ಗರ್ಭಧಾರಣೆಯನ್ನು ಮುಂದೂಡಬೇಕು. ಪತ್ನಿಯು ಈಗಾಗಲೇ ಗರ್ಭಿಣಿಯಾಗಿದ್ದರೆ ಹೆರಿಗೆಯವರೆಗೂ ನಿರೋಧ್ ಬಳಸುವುದು ಕ್ಷೇಮ.

ದೂರ ತಳ್ಳಬೇಡಿರಿ, ಮುಚ್ಚಿಡಬೇಡಿರಿ

2020ರಲ್ಲಿ ಕೆಲವು ಹಳ್ಳಿಗಳವರು ಹೊರಗಿನವರು ಬಾರದಂತೆ ದಾರಿಗೆ ಮುಳ್ಳು ಹಚ್ಚಿದರು. ಭಯವು ಸಹಜವೇ. ಆದರೆ ಜನ ತನ್ನನ್ನು ದೂರ ತಳ್ಳುವರೆಂದು ಹೆದರಿದವನು ತಾನು ಹೋಗಿಬಂದ ಊರನ್ನೂ, ಬಂದ ಜ್ವರವನ್ನೂ ಮುಚ್ಚಿಡುತ್ತಾನೆ. ಮುಚ್ಚಿಟ್ಟ ರೋಗವು ಮೊದಲು ಅವನ ಮನೆಯವರಿಗೆ, ಬಳಿಕ ಓಣಿಗೆ ಹಬ್ಬುತ್ತದೆ. ದುಡಿದು ಬಂದವರನ್ನು ಪ್ರೀತಿಯಿಂದ ಬರಮಾಡಿಕೊಳ್ಳಿರಿ. ಜ್ವರ ಕಂಡರೆ ಅವರನ್ನು ಪ್ರತ್ಯೇಕ ಕೋಣೆಯಲ್ಲಿ ಮಲಗಿಸಿ, ಆಶಾ ಕಾರ್ಯಕರ್ತೆಗೆ ಅಂದೇ ತಿಳಿಸಿರಿ. ಸಕಾಲದಲ್ಲಿ ಆಡಿದ ಒಂದು ನಿಜದ ಮಾತು ತಮ್ಮ ಮನೆಯನ್ನೂ ಊರನ್ನೂ ಕಾಯಬಲ್ಲದು.