ಅಳತೆ ತಪ್ಪಿದರೆ ಕುತ್ತಿಗೆಗೇ ಕುತ್ತು

ಪ್ರಯಾಣದಲ್ಲಿ ಗಿಟಾರ್ ಮುರಿಯುವ ಜಾಗ ಹೆಚ್ಚುಕಡಿಮೆ ಒಂದೇ. ಕುತ್ತಿಗೆ ಮುಗಿದು ತಲೆ ಶುರುವಾಗುವ ಕಡೆ, ತಂತಿಗಳು ನಟ್ ದಾಟಿ ಕೀಗಳತ್ತ ಹೊರಳುವ ಆ ಎರಡು ಇಂಚಿನಲ್ಲಿ. ಅನೇಕ ಗಿಟಾರ್‌ಗಳಲ್ಲಿ ತಲೆ ಕುತ್ತಿಗೆಯ ನೇರಕ್ಕಿರದೆ 14ರಿಂದ 17 ಡಿಗ್ರಿಯಷ್ಟು ಹಿಂದಕ್ಕೆ ಬಾಗಿರುತ್ತದೆ. ಇಡೀ ಕುತ್ತಿಗೆಯನ್ನು ಒಂದೇ ತುಂಡಿನಲ್ಲಿ ಕೊರೆದಿದ್ದರೆ ಆ ತಿರುವಿನಲ್ಲಿ ಮರದ ಎಳೆ ಅಡ್ಡಕ್ಕೆ ತುಂಡಾಗಿರುತ್ತದೆ. ಸಾಲದ್ದಕ್ಕೆ ಕುತ್ತಿಗೆಯೊಳಗಿನ ಉಕ್ಕಿನ ಸರಳನ್ನು (ಟ್ರಸ್ ರಾಡ್) ತಿರುಗಿಸಲು ಅಲ್ಲೇ ಒಂದು ಗುಳಿ ತೋಡಿರುತ್ತಾರೆ. ಉಕ್ಕಿನ ತಂತಿಯ ಗಿಟಾರಿನಲ್ಲಿ ಆರೂ ತಂತಿಗಳು ಸೇರಿ ಎಳೆಯುವ ಬಲ ಸುಮಾರು 70ರಿಂದ 75 ಕಿಲೊ. ಒಬ್ಬ ಆಳನ್ನು ಹಗಲೂ ರಾತ್ರಿ ಆ ತಲೆಗೆ ಜೋತುಬಿಟ್ಟ ಹಾಗೆ.

ಈಗ ನಿಲ್ಲಿಸಿಟ್ಟ ಪೆಟ್ಟಿಗೆ ಬೆನ್ನ ಮೇಲೆ ಬಿತ್ತೆನ್ನಿ. ದೊಡ್ಡ ಹೊಟ್ಟೆಯ ಭಾಗ ಕೆಳಗಿನ ಸ್ಪಂಜಿಗೆ ತಗುಲಿ ಅಲ್ಲೇ ನಿಲ್ಲುತ್ತದೆ. ತಲೆಗೆ ಮಾತ್ರ ಕೆಳಗೆ ಏನೂ ಆಸರೆ ಇಲ್ಲ. ಲೋಹದ ಕೀಗಳ ಭಾರ ಬೇರೆ. ಅದು ಚಾಟಿಯಂತೆ ಹಿಂದಕ್ಕೆ ಬೀಸುತ್ತದೆ, ಟಪ್ಪೆನ್ನುತ್ತದೆ. ಪೆಟ್ಟಿಗೆ ತೆರೆದು ನೋಡಿದರೆ ಹೊರಮೈ ಮೇಲೆ ಒಂದು ಗೀರೂ ಇರುವುದಿಲ್ಲ.

ಗಿಟಾರ್ ಕೇಸ್ ಕೊಳ್ಳಲು ಅಂಗಡಿಗೆ ಹೋದವರು ಮೊದಲು ಮಾಡುವ ಕೆಲಸವೆಂದರೆ ಬೆರಳಿನಿಂದ ಹೊರಮೈ ಕುಟ್ಟಿ ನೋಡುವುದು. ಗಟ್ಟಿ ಸದ್ದು ಬಂದರೆ ಸಮಾಧಾನ. ನನ್ನ ಪ್ರಕಾರ ಆ ಕುಟ್ಟುವಿಕೆಯಿಂದ ತಿಳಿಯುವುದು ತೀರಾ ಕಡಿಮೆ. ಪೆಟ್ಟಿಗೆ ಕಲ್ಲಿನಂತಿದ್ದು ಒಳಗೆ ವಾದ್ಯ ಅರ್ಧ ಇಂಚು ಅಲ್ಲಾಡುತ್ತಿದ್ದರೆ, ಹೊರಗಿನ ಪ್ರತಿ ಏಟೂ ಒಳಗೆ ಇನ್ನೊಂದು ಏಟಾಗುತ್ತದೆ. ಕೈಯಿಂದ ಕಟ್ಟಿದ ಗಿಟಾರಿನ ವಿಷಯದಲ್ಲಂತೂ ಈ ಅರ್ಧ ಇಂಚೇ ಎಲ್ಲ.

ಕಾರ್ಖಾನೆಯ ಗಿಟಾರ್ ತುಸು ದಪ್ಪಗೇ ಹುಟ್ಟುತ್ತದೆ. ಯಾವ ಊರಿನ ಹವೆಗೆ, ಯಾರ ಕೈಗೆ ಹೋಗುತ್ತದೋ ತಯಾರಕರಿಗೆ ಗೊತ್ತಿಲ್ಲ. ಗ್ಯಾರಂಟಿ ಮಾತ್ರ ಕೊಡಬೇಕು. ಒಂದೊಂದಾಗಿ ಕಟ್ಟುವವರಿಗೆ ಆ ಹಂಗಿಲ್ಲ. ಸ್ಪ್ರೂಸ್ ಮರದ ಮೇಲ್ಹಲಗೆಯನ್ನು ಬೆರಳಿನಿಂದ ತಟ್ಟಿ, ಕಿವಿಗೊಟ್ಟು, ಮತ್ತೆ ಹೆರೆದು ಎರಡೂವರೆ–ಮೂರು ಮಿಲಿಮೀಟರಿಗೆ ತರುತ್ತಾರೆ. ಒಳಗಿನ ಪಟ್ಟಿಗಳನ್ನೂ ಇನ್ನು ಹೆರೆದರೆ ಕೆಟ್ಟೀತು ಎನ್ನುವಷ್ಟು ಸವೆಸುತ್ತಾರೆ. ದನಿ ತೆರೆದುಕೊಳ್ಳುವುದು ಅದರಿಂದಲೇ. ವಾದ್ಯ ನಾಜೂಕಾಗುವುದೂ ಅದರಿಂದಲೇ.

ಇನ್ನೊಂದು ತೊಡಕು ಅಳತೆಯದು. ಅಂಗಡಿಯ ಕೇಸ್‌ಗಳ ಒಳಮೈಗೆ ಮಾದರಿ ದೊಡ್ಡ ಕಂಪನಿಗಳ ಆಕಾರಗಳು. ಮಾರ್ಟಿನ್ ಕಂಪನಿಯ ಡ್ರೆಡ್‌ನಾಟ್ ಗಿಟಾರಿನ ಕೆಳ ಉಬ್ಬು 397 ಮಿಲಿಮೀಟರ್ ಅಗಲ, ಬುಡದಲ್ಲಿ ಆಳ ಸುಮಾರು 124. ‘ಡ್ರೆಡ್‌ನಾಟ್ ಕೇಸ್’ ಎಂದು ಬರೆದದ್ದೆಲ್ಲ ಬಹುಮಟ್ಟಿಗೆ ಈ ಲೆಕ್ಕದ್ದು. ಕೈಯಿಂದ ಕಟ್ಟುವವರು ತಮ್ಮದೇ ಅಚ್ಚು ಇಟ್ಟುಕೊಂಡಿರುತ್ತಾರೆ. ಕೆನಡಾದ ಲಿಂಡಾ ಮ್ಯಾಂಜರ್ ತಮ್ಮ ಕೆಲವು ಗಿಟಾರ್‌ಗಳನ್ನು ಓರೆಯಾಗಿ ಕಟ್ಟುತ್ತಾರೆ: ನುಡಿಸುವವರ ಎದೆಗೆ ತಾಗುವ ಬದಿ ತೆಳು, ತೊಡೆಯ ಮೇಲೆ ಕೂರುವ ಬದಿ ದಪ್ಪ. ತೋಳಿಗೆ ಹಾಯೆನಿಸುವ ಈ ಓರೆ ಸಪಾಟು ತಳದ ಪೆಟ್ಟಿಗೆಯಲ್ಲಿ ಒಂದು ಕಡೆ ತೇಲುತ್ತದೆ. ಇದೇ ಮ್ಯಾಂಜರ್ 1984ರಲ್ಲಿ ಪ್ಯಾಟ್ ಮೆಥನಿಗೆ ‘ಪಿಕಾಸೊ’ ಎಂಬ 42 ತಂತಿಗಳ ಗಿಟಾರ್ ಕಟ್ಟಿಕೊಟ್ಟರು. ಅಂಥದ್ದಕ್ಕೆ ಯಾವ ಅಂಗಡಿಯಲ್ಲಿ ಪೆಟ್ಟಿಗೆ ಸಿಕ್ಕೀತು!

ಆದ್ದರಿಂದ ಮೊದಲ ಕೆಲಸ ಕೇಸ್ ನೋಡುವುದಲ್ಲ, ಗಿಟಾರ್ ಅಳೆಯುವುದು. ದೊಡ್ಡದೊಂದು ಕಾಗದದ ಮೇಲೆ ಅದನ್ನು ಮಲಗಿಸಿ ಪೆನ್ಸಿಲನ್ನು ನೆಟ್ಟಗೆ ಹಿಡಿದು ಸುತ್ತ ಗೆರೆ ಎಳೆಯಿರಿ. ಒಟ್ಟು ಉದ್ದ, ಹೊಟ್ಟೆಯ ಉದ್ದ, ಮೇಲಿನ ಉಬ್ಬು, ನಡು, ಕೆಳಗಿನ ಉಬ್ಬು, ಕುತ್ತಿಗೆ ಸೇರುವಲ್ಲಿ ಆಳ, ಬುಡದಲ್ಲಿ ಆಳ, ಕೀಗಳೂ ಸೇರಿ ತಲೆಯ ಅಗಲ ಬರೆದುಕೊಳ್ಳಿ. ಜನ ಮರೆಯುವುದು ಬ್ರಿಡ್ಜಿನ ಎತ್ತರವನ್ನು. ಮುಚ್ಚಳ ಹಾಕಿದಾಗ ಸ್ಪಂಜು ಬ್ರಿಡ್ಜಿನ ಮೇಲೆ ಕೂತು ಒತ್ತುತ್ತಿದ್ದರೆ ಆ ತೆಳು ಹಲಗೆ ಎಷ್ಟು ದಿನ ತಾಳೀತು? ಗಿಟಾರ್ ಇನ್ನೂ ಕಟ್ಟುವ ಹಂತದಲ್ಲಿದ್ದರೆ ಕಟ್ಟುವವರನ್ನೇ ಕೇಳುವುದು ಸಲೀಸು. ಅವರ ಬಳಿ ಅಚ್ಚಿನ ನಕಾಶೆ ಇದ್ದೇ ಇರುತ್ತದೆ, ಯಾವ ಕೇಸ್ ಹೊಂದುತ್ತದೆಂಬ ಅನುಭವವೂ ಇರುತ್ತದೆ.

ಕೇಸ್ ಕೈಗೆ ಬಂದ ಮೇಲಿನ ಪರೀಕ್ಷೆ ಸುಲಭ. ಗಿಟಾರ್ ಇಟ್ಟು, ಮುಚ್ಚಿ, ಕ್ಲಿಪ್ಪುಗಳನ್ನು ಹಾಕಿ, ಎರಡೂ ಕೈಯಲ್ಲಿ ಎತ್ತಿ ಮೆಲ್ಲಗೆ ಅಲ್ಲಾಡಿಸಿ. ಒಳಗೆ ದಡಬಡ ಎಂದರೆ ಬೇಡ. ಕ್ಲಿಪ್ ಹಾಕಲು ಮುಚ್ಚಳವನ್ನು ಒತ್ತಿ ಹಿಡಿಯಬೇಕಾದರೂ ಬೇಡ. ಕುತ್ತಿಗೆಯ ತೊಟ್ಟಿಲು ತಲೆಗೆ ಸಾಕಷ್ಟು ಹತ್ತಿರ ಬರಬೇಕು, ತಲೆಯ ತುದಿ ಎಲ್ಲೂ ಗೋಡೆಗೆ ತಾಗಬಾರದು. ತಲೆಯ ಹಿಂದೆ ಉಳಿಯುವ ಖಾಲಿ ಜಾಗಕ್ಕೆ ಹಳೆಯ ಬನಿಯನ್ನನ್ನು ಹಗುರವಾಗಿ ಮಡಚಿ ತುಂಬಿದರೆ ಸಾಕು; ಅದು ಎತ್ತಿ ಹಿಡಿಯುವುದಕ್ಕಲ್ಲ, ಬೀಸಲು ಜಾಗ ಇಲ್ಲದಂತೆ ಮಾಡುವುದಕ್ಕೆ. ಕೇಸಿನೊಳಗೆ ಕಾಪೊ, ಟ್ಯೂನರ್, ತಂತಿಯ ಪೊಟ್ಟಣ ಸಡಿಲವಾಗಿ ಇಡುವ ಚಟ ಬಹಳ ಮಂದಿಗಿದೆ. ವಿಮಾನದ ಹೊಟ್ಟೆಯಲ್ಲಿ ಆ ಕಾಪೊ ಸುತ್ತಿಗೆಯ ಕೆಲಸ ಮಾಡುತ್ತದೆ.

ಇನ್ನು ಜಾತಿಗಳು. ಬೆನ್ನಿಗೇರಿಸುವ ಗಿಗ್ ಬ್ಯಾಗ್ ಮನೆಯಿಂದ ಗೆಳೆಯರ ಮನೆಗೆ, ಮೆಟ್ರೊದಲ್ಲಿ ಸ್ಟುಡಿಯೊಗೆ ಸೈ. ದಪ್ಪ ಸ್ಪಂಜಿನ ಒಳ್ಳೆಯ ಬ್ಯಾಗಿಗೂ ಸೈ ಎನ್ನುವುದು ಅಷ್ಟಕ್ಕೇ, ಏಕೆಂದರೆ ಮೇಲೆ ಭಾರ ಬಿದ್ದರೆ ಅದನ್ನು ಹೊರುವುದು ಗಿಟಾರೇ. ಒತ್ತಿದ ರಟ್ಟಿನ ಕೇಸ್ ಬಗ್ಗೆ ಮಾತು ಬೇಡ. ಪ್ಲೈವುಡ್ಡಿನ ಮೇಲೆ ರೆಕ್ಸಿನ್ ಹೊದೆಸಿ ಒಳಗೆ ಮಖಮಲ್ಲು ಹಾಸಿದ ಹಾರ್ಡ್ ಕೇಸ್ ನೋಡಲು ಚಂದ. ಮನೆಯಲ್ಲಿಡಲು, ಕಾರಿನಲ್ಲಿ ಒಯ್ಯಲು, ರೈಲಿನ ಮೇಲಿನ ಬರ್ತಿನಲ್ಲಿ ತಲೆದೆಸೆಗೆ ಮಲಗಿಸಲು ಅದು ಸಾಕು. ವಿಮಾನದ ಲಗೇಜಿಗೆ ಹಾಕಲು ನಾನಂತೂ ಒಪ್ಪಲಾರೆ. ಮೂಲೆಗೆ ಏಟು ಬಿದ್ದಾಗ ಪ್ಲೈ ಬಿರಿಯುತ್ತದೆ, ಕೀಲು ಕಿತ್ತು ಬರುತ್ತದೆ.

ಅದರಾಚೆಗಿನವು ಪ್ರಯಾಣಕ್ಕೆಂದೇ ಹುಟ್ಟಿದವು. ಇಂಗ್ಲೆಂಡಿನ ಹಿಸ್ಕಾಕ್ಸ್ ಕಂಪನಿಯ ಕೇಸ್‌ಗಳಲ್ಲಿ ಗಟ್ಟಿ ಪ್ಲಾಸ್ಟಿಕ್ ಚಿಪ್ಪಿಗೆ ಒಳಗಿನ ಬಿರುಸು ಫೋಮ್ ಅಂಟಿ ಒಂದೇ ಗೋಡೆಯಾಗಿರುತ್ತದೆ. ತೂಕ ಕಡಿಮೆ, ಬಿಸಿಲಿನ ಕಾವೂ ಬೇಗ ಒಳಗಿಳಿಯುವುದಿಲ್ಲ. ಇಟ್ಟ ಹಣಕ್ಕೆ ಸಿಗುವ ರಕ್ಷಣೆಯ ಲೆಕ್ಕದಲ್ಲಿ ನನ್ನ ಮತ ಈ ಬಗೆಗೆ. ಊರೂರು ತಿರುಗಿ ಕಛೇರಿ ನಡೆಸುವವರ ಮೆಚ್ಚಿನ ಹೆಸರು ಕ್ಯಾಲ್ಟನ್: ಫೈಬರ್‌ಗ್ಲಾಸಿನ ಚಿಪ್ಪು, ನಿಮ್ಮ ಗಿಟಾರಿನ ಅಳತೆ ತರಿಸಿಕೊಂಡು ಹೊಂದಿಸುವ ಒಳಮೈ. ಇಂಗ್ಲೆಂಡಿನಲ್ಲಿ ಹುಟ್ಟಿ, ಕೆನಡಾ ಹಾದು, ಈಗ ಟೆಕ್ಸಸ್‌ನ ಆಸ್ಟಿನ್‌ನಲ್ಲಿ ನೆಲೆನಿಂತಿದೆ. ಭಾರವೂ ಹೆಚ್ಚು, ಬೆಲೆಯೂ ಹೆಚ್ಚು. ಕಾರ್ಬನ್ ಫೈಬರಿನವು ಹಗುರ, ಗಟ್ಟಿ. ಆಮದು ಸುಂಕ ಸೇರಿದರೆ ಬೆಲೆ ಲಕ್ಷ ದಾಟಬಹುದು. ಎರಡು–ಮೂರು ಲಕ್ಷದ ವಾದ್ಯವನ್ನು ವರ್ಷವಿಡೀ ವಿಮಾನದಲ್ಲಿ ಒಯ್ಯುವವರಿಗೆ ಅದು ದುಂದಲ್ಲ. ವರ್ಷಕ್ಕೊಮ್ಮೆ ಹೊರಡುವವರು ಅಂಥದ್ದನ್ನು ಗೆಳೆಯರಿಂದ ಕಡ ತಂದರಾಯಿತು, ಅಳತೆ ಹೊಂದಿದರೆ.

ನಮ್ಮಲ್ಲಿ ಕೀಬೋರ್ಡು, ಧ್ವನಿವರ್ಧಕದ ಸಾಮಾನುಗಳಿಗೆ ಪ್ಲೈವುಡ್ಡಿಗೆ ಅಲ್ಯೂಮಿನಿಯಂ ಅಂಚು ಕಟ್ಟಿ ‘ಫ್ಲೈಟ್ ಕೇಸ್’ ಮಾಡಿಕೊಡುವವರಿದ್ದಾರೆ. ಲಾರಿಯಲ್ಲಿ ಸಾಗುವ ತಂಡಗಳಿಗೆ ಅದು ಒಳ್ಳೆಯದೇ. ‘ಎಟಿಎ 300’ ಎಂಬ ಮುದ್ರೆಯನ್ನು ಕೆಲವು ಕೇಸ್‌ಗಳ ಮೇಲೆ ಕಾಣಬಹುದು. ವಿಮಾನ ಸಾಗಣೆಗೆಂದು ರೂಪಿಸಿದ ಆ ಮಾನದಂಡದ ಮೊದಲ ದರ್ಜೆಯ ಪೆಟ್ಟಿಗೆ ಕನಿಷ್ಠ 100 ಸಲ ಹೋಗಿಬರುವುದನ್ನು ತಾಳಬೇಕು. ಆದರೆ ಅದು ಮಾತನಾಡುವುದು ಪೆಟ್ಟಿಗೆಯ ಬಾಳಿಕೆಯ ಬಗ್ಗೆ. ಒಳಗಿನ ವಾದ್ಯ ಹೇಗೆ ಕೂತಿದೆ ಎಂಬುದು ಮತ್ತೆ ನಮ್ಮ ತಲೆನೋವೇ.

ತೂಕವನ್ನೂ ಇಲ್ಲೇ ನೋಡಿಬಿಡೋಣ. ಅಕೂಸ್ಟಿಕ್ ಗಿಟಾರ್ ಸುಮಾರು 2 ಕಿಲೊ. ಕೇಸ್ 5 ಕಿಲೊ ಇದ್ದರೆ ಒಟ್ಟು 7. ದೇಶದೊಳಗಿನ ಅಗ್ಗದ ಟಿಕೆಟ್ಟಿನಲ್ಲಿ ಬಿಡುವ 15 ಕಿಲೊ ಲಗೇಜಿನಲ್ಲಿ ಅರ್ಧ ಅಲ್ಲಿಗೇ ಹೋಯಿತು. ಉದ್ದ, ಅಗಲ, ಎತ್ತರ ಕೂಡಿ 158 ಸೆಂಟಿಮೀಟರ್ ಮೀರಬಾರದೆಂಬುದು ವಿಮಾನ ಕಂಪನಿಗಳಲ್ಲಿ ಬಳಕೆಯಲ್ಲಿರುವ ಮಿತಿ. 110 ಉದ್ದ, 42 ಅಗಲ, 17 ಎತ್ತರದ ಕೇಸ್ 169 ಆಗುತ್ತದೆ. ಹೆಚ್ಚಿನ ಶುಲ್ಕದ ಮಾತನ್ನು ಕೌಂಟರಿನಲ್ಲಿ ನಿಂತು ಕೇಳುವ ಬದಲು ಟಿಕೆಟ್ ಕೊಳ್ಳುವ ಮೊದಲೇ ಕೇಳಿಕೊಳ್ಳುವುದು ಮೇಲು. ಕ್ಯಾಬಿನ್ನಿಗೆ ಒಯ್ಯಬಹುದೇ? ಅಮೆರಿಕದಲ್ಲಿ 2012ರ ಕಾಯ್ದೆಯೊಂದು, ಅದರಡಿ 2015ರ ಮಾರ್ಚಿನಲ್ಲಿ ಜಾರಿಗೆ ಬಂದ ನಿಯಮ, ಹತ್ತುವ ಹೊತ್ತಿಗೆ ಮೇಲಿನ ಗೂಡಿನಲ್ಲಿ ಜಾಗ ಇದ್ದರೆ ಗಿಟಾರಿಗೆ ಅವಕಾಶ ಕೊಡಲೇಬೇಕು ಎನ್ನುತ್ತವೆ. ‘ಜಾಗ ಇದ್ದರೆ’ ಎಂಬುದೇ ಅಲ್ಲಿನ ಕೊಕ್ಕೆ. ನಮ್ಮಲ್ಲಿ ಒಂದೊಂದು ಕಂಪನಿಯದು ಒಂದೊಂದು ರೀತಿ. ವಾದ್ಯಕ್ಕೆಂದೇ ಸೀಟು ಕೊಳ್ಳುವವರೂ ಇದ್ದಾರೆ.

ವಿದೇಶಕ್ಕೆ ಹೊರಟವರು ಕೇಸಿನ ಜೇಬಿನಲ್ಲಿ ಇಡಬೇಕಾದ ಒಂದು ಕಾಗದವಿದೆ: ಯಾವ ಭಾಗಕ್ಕೆ ಯಾವ ಮರ ಬಳಸಿದೆ ಎಂದು ಕಟ್ಟಿದವರು ಬರೆದುಕೊಟ್ಟದ್ದು. ಬ್ರೆಜಿಲ್ಲಿನ ರೋಸ್‌ವುಡ್ 1992ರಿಂದಲೇ ಅಂತರರಾಷ್ಟ್ರೀಯ ವನ್ಯಜೀವಿ ವ್ಯಾಪಾರ ಒಪ್ಪಂದದ ಅತಿ ಬಿಗಿಯಾದ ಪಟ್ಟಿಯಲ್ಲಿದೆ. ಪರವಾನಗಿ ಇಲ್ಲದೆ ಗಡಿ ದಾಟಿಸಿದರೆ ವಾದ್ಯವೇ ಜಪ್ತಿಯಾಗಬಹುದು. ಬ್ರೆಜಿಲ್ಲಿನ ಮರ ಸಿಗದಾದಾಗ ಮಾರ್ಟಿನ್ ಕಂಪನಿ 1969ರಲ್ಲಿ ಹೊರಳಿದ್ದು ನಮ್ಮ ಪಶ್ಚಿಮ ಘಟ್ಟದ ಬೀಟೆಯ ಕಡೆಗೆ. ಅಲ್ಲಿಂದೀಚೆಗೆ ಜಗತ್ತಿನ ಎಷ್ಟೋ ಒಳ್ಳೆಯ ಗಿಟಾರ್‌ಗಳ ಬೆನ್ನು, ಪಕ್ಕೆಗಳು ಬೀಟೆಯವೇ. ಮಲೆನಾಡಿನವರು ಹಳೆಯ ಮನೆಯ ಬಾಗಿಲಿನಲ್ಲಿ ಕಂಡ ಆ ಕಪ್ಪು ಗೆರೆಗಳನ್ನು ಗಿಟಾರಿನಲ್ಲಿ ಗುರುತಿಸಿಯಾರು. 2017ರ ಜನವರಿಯಲ್ಲಿ ಬೀಟೆಯ ಜಾತಿ ಇಡಿಯಾಗಿ ನಿರ್ಬಂಧದ ಪಟ್ಟಿಗೆ ಸೇರಿ ವಾದ್ಯಗಾರರು ಕಂಗಾಲಾಗಿದ್ದರು. 2019ರ ನವೆಂಬರಿನಿಂದ ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕಿದೆ. ಬ್ರೆಜಿಲ್ಲಿನ ಮರಕ್ಕೆ ಆ ವಿನಾಯಿತಿ ಇಲ್ಲ. ಕಸ್ಟಮ್ಸ್ ಅಧಿಕಾರಿಯ ಕಣ್ಣಿಗೆ ಎರಡೂ ಕಂದು ಮರಗಳೇ, ಅದಕ್ಕೇ ಆ ಕಾಗದ.

ಏಟಿನಷ್ಟೇ ಹವೆಯೂ ಕೆಡಕು. ಗಿಟಾರಿಗೆ ಹಿತವಾದ ತೇವಾಂಶ ಶೇ 45ರಿಂದ 55. ಬೆಂಗಳೂರಿನ ಮಾರ್ಚ್ ಮಧ್ಯಾಹ್ನ ಅದು 30ಕ್ಕಿಂತ ಕೆಳಗಿಳಿಯುತ್ತದೆ, ಮಂಗಳೂರಿನ ಜುಲೈಯಲ್ಲಿ 90ರ ಆಸುಪಾಸು. ಒಣಗಿದರೆ ಹಲಗೆ ಕುಗ್ಗಿ ಬಿರುಕು ಬಿಡುತ್ತದೆ, ಫ್ರೆಟ್ಟಿನ ತುದಿಗಳು ಬೆರಳಿಗೆ ಚುಚ್ಚುತ್ತವೆ. ತೇವ ಹೆಚ್ಚಾದರೆ ಹೊಟ್ಟೆ ಉಬ್ಬಿ ತಂತಿ ಮೇಲೇಳುತ್ತದೆ. ಬಾಯಿಗೆ ರಬ್ಬರ್ ಪಟ್ಟಿ ಇರುವ, ಬಿಗಿಯಾಗಿ ಮುಚ್ಚಿಕೊಳ್ಳುವ ಕೇಸಿನೊಳಗೆ ತೇವ ಹೀರುವ–ಬಿಡುವ ಪೊಟ್ಟಣಗಳನ್ನು ಇಟ್ಟರೆ ಸಾಕಷ್ಟು ನಿಭಾಯಿಸುತ್ತದೆ. ಜೊತೆಗೊಂದು ಪುಟ್ಟ ತೇವಮಾಪಕ ಇರಲಿ. ಅದು ಸುಳ್ಳು ಹೇಳುತ್ತಿದೆಯೇ ಎಂದು ತಿಳಿಯಲು ಒಂದು ಮುಚ್ಚಳದಲ್ಲಿ ಉಪ್ಪಿಗೆ ನಾಲ್ಕು ಹನಿ ನೀರು ಬೆರೆಸಿ, ಮಾಪಕದ ಜೊತೆ ಗಾಳಿಯಾಡದ ಚೀಲದಲ್ಲಿ ಇಡೀ ರಾತ್ರಿ ಇಡಿ. ಬೆಳಿಗ್ಗೆ 75 ತೋರಿಸಬೇಕು. ತೋರಿಸದಿದ್ದರೆ ಎಷ್ಟು ವ್ಯತ್ಯಾಸವೋ ಅಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡು ಓದಿ.

ಬಿಸಿಲಿಗೆ ಮಾತ್ರ ಯಾವ ಕೇಸೂ ಪೂರ್ತಿ ಮದ್ದಲ್ಲ. ವೈಣಿಕರಿಗೆ ಇದು ಹೊಸದೇನಲ್ಲ: ಕಾವಿಗೆ ಮೇಣ ಮೆತ್ತಗಾದರೆ ಮೇಳ ಕಟ್ಟಿದ ಮೆಟ್ಟಿಲುಗಳು ಜರುಗುತ್ತವೆ. ಗಿಟಾರಿನಲ್ಲಿ ಮೆತ್ತಗಾಗುವುದು ಅಂಟು. ರಾಯಚೂರು, ಕಲಬುರಗಿಯ ಏಪ್ರಿಲ್ಲಿನಲ್ಲಿ ಬಿಸಿಲಿಗೆ ನಿಂತ ಕಾರಿನೊಳಗೆ ಕಾವು 60 ಡಿಗ್ರಿಯ ಹತ್ತಿರ ಹೋಗುತ್ತದೆ; ತಂತಿಯ ಎಳೆತಕ್ಕೆ ಬ್ರಿಡ್ಜ್ ಹಿಂಬದಿಯಿಂದ ಮೇಲೇಳಲು ಅಷ್ಟು ಸಾಕು. ಬಿಳಿ ಅಥವಾ ಬೆಳ್ಳಿ ಬಣ್ಣದ ಕೇಸ್ ಕಪ್ಪಿಗಿಂತ ತುಸು ವಾಸಿ. ಊಟಕ್ಕೆ ಇಳಿದಾಗ ಗಿಟಾರನ್ನೂ ಹೋಟೆಲಿನೊಳಗೆ ಒಯ್ಯುವುದು ಅದಕ್ಕಿಂತ ವಾಸಿ. ತಂಪು ನಾಡಿನಲ್ಲಿ ಇಳಿದರೆ ಕೇಸನ್ನು ತಕ್ಷಣ ತೆರೆಯದೆ ಕೋಣೆಯ ಹವೆಗೆ ಹೊಂದಿಕೊಳ್ಳಲು ಕೆಲವು ಗಂಟೆ ಬಿಡಬೇಕು. ಹೊರಡುವ ಮುನ್ನ ತಂತಿ ಸಡಿಲಿಸುವ ಬಗ್ಗೆ ತಜ್ಞರಲ್ಲೇ ಜಗಳವಿದೆ. ಒಂದೆರಡು ಸ್ವರದಷ್ಟು ಇಳಿಸುವುದು ನನಗೆ ಸರಿಯೆನಿಸುತ್ತದೆ, ಪೂರ್ತಿ ಬಿಚ್ಚುವುದಲ್ಲ.

ಆದರೆ ವಿಮಾನದಿಂದ ಇಳಿದು ಬಂದ ಕೇಸನ್ನು ಎಷ್ಟೋ ಹೊತ್ತು ತೆರೆಯದೆ ಇಟ್ಟರೆ ಇನ್ನೊಂದು ಫಜೀತಿ. ಕೆನಡಾದ ಗಾಯಕ ಡೇವ್ ಕ್ಯಾರಲ್ ಅವರ ಟೇಲರ್ ಗಿಟಾರ್ 2008ರ ಮಾರ್ಚಿನಲ್ಲಿ ಷಿಕಾಗೊ ನಿಲ್ದಾಣದಲ್ಲಿ ಏಟು ತಿಂದಿತು. 24 ಗಂಟೆಯೊಳಗೆ ದೂರು ಕೊಡಲಿಲ್ಲವೆಂದು ಯುನೈಟೆಡ್ ವಿಮಾನ ಕಂಪನಿ ಪರಿಹಾರ ನಿರಾಕರಿಸಿತು. ಅವರು 2009ರ ಜುಲೈಯಲ್ಲಿ ‘ಯುನೈಟೆಡ್ ಬ್ರೇಕ್ಸ್ ಗಿಟಾರ್ಸ್’ ಎಂಬ ಹಾಡು ಕಟ್ಟಿ ಬಿಟ್ಟರು, ಲೋಕವೆಲ್ಲ ಕೇಳಿತು. ಹಾಡು ಕಟ್ಟಲು ಬಾರದ ನಾವು ಸಾಮಾನಿನ ಬೆಲ್ಟಿನ ಪಕ್ಕದಲ್ಲೇ ಕೇಸ್ ತೆರೆದು ಕುತ್ತಿಗೆ, ತಲೆ, ಬ್ರಿಡ್ಜ್ ನೋಡಿ ಮುಚ್ಚಬೇಕು. ಹವೆಗೆ ಹೊಂದಿಸುವ ಮಾತು ಆಮೇಲೆ. ಹೊರಡುವ ಮುನ್ನ ತೆಗೆದ ಫೋಟೊ ಫೋನಿನಲ್ಲಿರಲಿ. ಭಾರತವೂ ಸೇರಿರುವ ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಅಂತರರಾಷ್ಟ್ರೀಯ ಪ್ರಯಾಣದಲ್ಲಿ ಲಗೇಜಿಗೆ ಹಾನಿಯಾದರೆ 7 ದಿನದೊಳಗೆ ಬರಹದಲ್ಲಿ ದೂರು ಕೊಡಬೇಕು. ಪರಿಹಾರದ ಮಿತಿ 2024ರ ಡಿಸೆಂಬರ್ ಕೊನೆಯಿಂದ ಪ್ರಯಾಣಿಕರೊಬ್ಬರಿಗೆ 1,519 ಎಸ್‌ಡಿಆರ್ (ಅಂತರರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ಘಟಕ), ಸುಮಾರು ಒಂದೂಮುಕ್ಕಾಲು ಲಕ್ಷ ರೂಪಾಯಿ. ಅದಕ್ಕಿಂತ ಬೆಲೆಯ ಗಿಟಾರಾದರೆ ಚೆಕ್‌–ಇನ್ ಹೊತ್ತಿನಲ್ಲೇ ಹೆಚ್ಚಿನ ಮೌಲ್ಯ ಘೋಷಿಸಿ, ಕೇಳಿದರೆ ಶುಲ್ಕ ಕಟ್ಟಿ, ರಸೀದಿ ಪಡೆಯಬೇಕು.