ಕೊನೆಯ ದಿನದವರೆಗೆ ಕಾಯಬೇಡಿ: ಕೃಷಿಭವನದ ನೆರವು ಮತ್ತು ನಮ್ಮ ಕಾಗದಪತ್ರ



ಮಳೆಗಾಲ ಕಾಲಿಡುವ ಮೊದಲೇ ನಾವು ತೋಟದ ಕಣಿಗಳ ಹೂಳು ತೆಗೆಯುತ್ತೇವೆ, ಗದ್ದೆಯ ಹುಣಿ ಸರಿಪಡಿಸುತ್ತೇವೆ, ಸೌದೆಯನ್ನು ಒಳಗೆ ಪೇರಿಸಿಡುತ್ತೇವೆ. ಪತ್ತನಾಜೆ ಕಳೆದ ಮೇಲೆ ಮಾಡೋಣವೆಂದು ಯಾರೂ ಕುಳಿತುಕೊಳ್ಳುವುದಿಲ್ಲ. ಆದರೆ ಸರಕಾರದಿಂದ ನಮಗೆ ಸಲ್ಲಬೇಕಾದ ನೆರವಿನ ವಿಷಯ ಬಂದಾಗ ಮಾತ್ರ ಈ ಎಚ್ಚರ ನಮ್ಮಲ್ಲಿ ಕಾಣುವುದಿಲ್ಲ. ಗಾಳಿಗೆ ಅಡಿಕೆ ಮರಗಳು ಮುರಿದು ಬಿದ್ದ ಮೇಲೆ ವಿಮೆಯ ನೆನಪಾಗುತ್ತದೆ. ತಂದೆ ತೀರಿಕೊಂಡು ಐದಾರು ವರ್ಷ ಕಳೆದ ಮೇಲೆ ಜಾಗ ಇನ್ನೂ ಅವರ ಹೆಸರಿನಲ್ಲೇ ಇದೆ ಎಂಬುದು ಗೊತ್ತಾಗುತ್ತದೆ. ಊರು ಕೊಳ್ಳೆ ಹೋದ ಮೇಲೆ ಕೋಟೆಯ ಬಾಗಿಲು ಹಾಕಿದರೆಂಬ ಗಾದೆ ಇಂತಹ ಸಂದರ್ಭಕ್ಕೇ ಹುಟ್ಟಿಕೊಂಡಿರಬೇಕು.

ನಮ್ಮ ಕಾಸರಗೋಡು ಸೀಮೆಯ ಹೆಚ್ಚಿನ ಕುಟುಂಬಗಳು ಒಂದೆರಡು ಎಕರೆಯ ಅಡಿಕೆ, ತೆಂಗು, ಕಾಳುಮೆಣಸು ನಂಬಿ ಬಾಳುವವು. ಒಂದು ಮಳೆಗಾಲದ ನಷ್ಟ ಅಂತಹ ಮನೆಯ ಮಕ್ಕಳ ಓದನ್ನೂ ಹಿರಿಯರ ಔಷಧಿಯನ್ನೂ ತಟ್ಟುತ್ತದೆ. ಆದುದರಿಂದ ಈ ಸಂಚಿಕೆಯಲ್ಲಿ ಯಾವ ನೆರವು ಎಲ್ಲಿ ಸಿಗುತ್ತದೆ, ಯಾವ ಕಾಗದ ಬೇಕು, ಯಾವಾಗ ಹೋಗಬೇಕು ಎಂಬುದನ್ನು ಕ್ರಮವಾಗಿ ನೋಡೋಣ.

ಕೃಷಿಭವನ ಎಂದರೆ ಏನು?

ಕೇರಳದಲ್ಲಿ 1987ರಲ್ಲಿ ಕೃಷಿಭವನಗಳು ಆರಂಭವಾದವು. ಅಂದಿನಿಂದ ಪ್ರತಿ ಗ್ರಾಮ ಪಂಚಾಯತಿಗೂ ಒಬ್ಬ ಕೃಷಿ ಅಧಿಕಾರಿ ಮತ್ತು ಅವರ ಕೈಕೆಳಗೆ ಕೃಷಿ ಸಹಾಯಕರು ಇರುವ ವ್ಯವಸ್ಥೆ ಬಂದಿತು. ಗಿಡ, ಬೀಜ, ಸುಣ್ಣ, ಗೊಬ್ಬರದ ಸಬ್ಸಿಡಿ ಮಾತ್ರವಲ್ಲ, ಬೆಳೆ ವಿಮೆ, ನಷ್ಟ ಪರಿಹಾರ, ಮಣ್ಣು ಪರೀಕ್ಷೆ ಇವೆಲ್ಲಕ್ಕೂ ಮೊದಲ ಬಾಗಿಲು ಅದುವೇ. ಸಿಂಹ ಮಾಸದ, ಅಂದರೆ ನಮ್ಮ ಸೋಣ ತಿಂಗಳ ಮೊದಲ ದಿನವನ್ನು ರಾಜ್ಯದಲ್ಲಿ ಕೃಷಿಕ ದಿನವಾಗಿ ಆಚರಿಸುತ್ತಾರೆ. ವರ್ಷಕ್ಕೊಮ್ಮೆ ಆ ದಿನದ ಸಭೆಗೆ ಹೋಗಿ ಚಾ ಕುಡಿದು ಬಂದರೆ ಸಾಲದು. ಮೂರು ತಿಂಗಳಿಗೊಮ್ಮೆಯಾದರೂ ಕೃಷಿಭವನದ ಸೂಚನಾ ಫಲಕವನ್ನು ಕಣ್ಣಾರೆ ನೋಡಬೇಕು. ಅಲ್ಲಿ ಅಂಟಿಸಿದ ಒಂದು ಹಾಳೆ ನಮ್ಮ ಒಂದು ವರ್ಷದ ಗೊಬ್ಬರದ ಖರ್ಚನ್ನು ಉಳಿಸಬಹುದು.

ಮೊದಲು ಕಾಗದ ಸರಿಯಾಗಲಿ

ಯಾವ ಯೋಜನೆಯಾದರೂ ಕೇಳುವ ಕಾಗದಗಳು ಬಹುತೇಕ ಒಂದೇ. ಆ ವರ್ಷದ ಭೂತೆರಿಗೆ ರಸೀದಿ, ಆಧಾರ್, ಬ್ಯಾಂಕ್ ಪಾಸ್‌ಪುಸ್ತಕ, ಆಧಾರ್‌ಗೆ ಜೋಡಿಸಿದ ಮೊಬೈಲ್ ಸಂಖ್ಯೆ. ಇವುಗಳಲ್ಲಿ ಎಡವಟ್ಟಾಗುವುದು ಸಾಮಾನ್ಯವಾಗಿ ಮೂರು ಕಡೆ.

ಒಂದನೆಯದು, ತೆರಿಗೆ ರಸೀದಿ ಹಳೆಯದಾಗಿರುವುದು. ಸರಕಾರದ ವರ್ಷ ಎಪ್ರಿಲ್ 1ರಂದು ಆರಂಭವಾಗುತ್ತದೆ. ಎಪ್ರಿಲ್, ಮೇ ತಿಂಗಳಲ್ಲೇ ವಿಲೇಜ್ ಆಫೀಸಿನಲ್ಲಿ ಅಥವಾ ಅಕ್ಷಯ ಕೇಂದ್ರದಲ್ಲಿ ತೆರಿಗೆ ಕಟ್ಟಿ ರಸೀದಿ ಪಡೆದಿಟ್ಟುಕೊಂಡರೆ ವರ್ಷವಿಡೀ ಅದೇ ಸಾಕು.

ಎರಡನೆಯದು, ಹೆಸರಿನ ಕಾಗುಣಿತ. ನಮ್ಮವರ ಹೆಸರುಗಳಲ್ಲಿ ಇದು ದೊಡ್ಡ ತೊಂದರೆ. ಆಧಾರ್‌ನಲ್ಲಿ ಡಿಸೋಜ, ಪಾಸ್‌ಪುಸ್ತಕದಲ್ಲಿ ಡಿ ಸೋಜಾ, ತೆರಿಗೆ ರಸೀದಿಯಲ್ಲಿ ಸೋಜ. ಒಂದು ಕಡೆ ಲಾರೆನ್ಸ್, ಇನ್ನೊಂದು ಕಡೆ ಲೋರೆನ್ಸ್. ಓದುವ ಮನುಷ್ಯನಿಗೆ ಇವೆಲ್ಲ ಒಂದೇ ಎಂದು ತಿಳಿಯುತ್ತದೆ. ಕಂಪ್ಯೂಟರಿಗೆ ತಿಳಿಯುವುದಿಲ್ಲ. ಅದು ಬೇರೆ ಬೇರೆ ವ್ಯಕ್ತಿಗಳೆಂದು ತೀರ್ಮಾನಿಸಿ ಹಣವನ್ನು ತಡೆಯುತ್ತದೆ.

ಮೂರನೆಯದು, ಎಲ್ಲಕ್ಕಿಂತ ಕಷ್ಟದ್ದು, ತೀರಿಹೋದವರ ಹೆಸರಿನಲ್ಲಿ ಉಳಿದ ಜಾಗ. ಅಣ್ಣತಮ್ಮಂದಿರು ಬಾಯಿಮಾತಿನಲ್ಲಿ ಪಾಲು ಮಾಡಿಕೊಂಡು ಇಪ್ಪತ್ತು ವರ್ಷ ಕೃಷಿ ಮಾಡಿಕೊಂಡು ಬಂದಿರುತ್ತಾರೆ. ತೋಟಕ್ಕೆ ಮದ್ದು ಬಿಡಿಸುವವಳು ವಿಧವೆ ಸೊಸೆ, ರಸೀದಿ ಮಾತ್ರ ಮಾವನ ಹೆಸರಿನಲ್ಲಿ. ಮರ ಬಿದ್ದಾಗ ಪರಿಹಾರದ ಅರ್ಜಿ ಅವಳ ಹೆಸರಿನಲ್ಲಿ ನಿಲ್ಲುವುದಿಲ್ಲ. ಪಾಲುಪಟ್ಟಿ ನೋಂದಾಯಿಸಿ, ವಿಲೇಜ್ ಆಫೀಸಿನಲ್ಲಿ ಪೋಕುವರವು ಮಾಡಿಸಿಕೊಳ್ಳಲು ತಿಂಗಳುಗಳೇ ಹಿಡಿಯುತ್ತವೆ. ಆದುದರಿಂದ ಅದನ್ನು ಯಾವುದೋ ಯೋಜನೆಯ ಕೊನೆಯ ದಿನ ಹತ್ತಿರ ಬಂದಾಗ ನೆನಪಿಸಿಕೊಂಡರೆ ಪ್ರಯೋಜನವಿಲ್ಲ. ಇದನ್ನು ಕುಟುಂಬದ ಜಗಳವೆಂದು ತಿಳಿಯದೆ ಕುಟುಂಬದ ರಕ್ಷಣೆಯೆಂದು ತಿಳಿದು, ಹಿರಿಯರು ಬದುಕಿರುವಾಗಲೇ ಮುಗಿಸುವುದು ಒಳ್ಳೆಯದು.

ಗ್ರಾಮಸಭೆಗೆ ಹೋಗದವರು

1996ರಲ್ಲಿ ಜನಕೀಯ ಯೋಜನೆ ಆರಂಭವಾದಾಗ ರಾಜ್ಯದ ಯೋಜನಾ ಹಣದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಸ್ಥಳೀಯ ಸಂಸ್ಥೆಗಳಿಗೆ ಬಂತು. ಇಂದು ಪಂಚಾಯತಿಯ ಮೂಲಕ ಬರುವ ತೆಂಗಿನ ಗೊಬ್ಬರ, ತರಕಾರಿ ಬೀಜ, ಬಾಳೆ ಕಂದು, ಹಾಲುಕರೆಯುವ ಹಸುವಿಗೆ ಹಿಂಡಿ ಮೊದಲಾದ ವ್ಯಕ್ತಿಗತ ಸವಲತ್ತುಗಳ ದಾರಿ ಗ್ರಾಮಸಭೆಯ ಮೂಲಕವೇ ಹಾದುಹೋಗುತ್ತದೆ. 1994ರ ಪಂಚಾಯತ್ ರಾಜ್ ಕಾಯ್ದೆಯಂತೆ ಪ್ರತಿ ವಾರ್ಡಿನ ಗ್ರಾಮಸಭೆ ಮೂರು ತಿಂಗಳಿಗೊಮ್ಮೆಯಾದರೂ ಸೇರಬೇಕು. ವಾರ್ಡ್ ಸದಸ್ಯರೇ ಅದರ ಸಂಚಾಲಕರು. ಮತದಾರರಲ್ಲಿ ನೂರಕ್ಕೆ ಹತ್ತು ಮಂದಿ ಸೇರಿದರೆ ಕೋರಂ ಆಗುತ್ತದೆ. ಅಂದರೆ ಸಾವಿರ ಮತದಾರರ ವಾರ್ಡಿನಲ್ಲಿ ನೂರು ಜನ ಕುಳಿತು ಎಲ್ಲರ ಪರವಾಗಿ ನಿರ್ಧರಿಸಬಹುದು. ಆ ನೂರರಲ್ಲಿ ನಾವಿಲ್ಲದಿದ್ದರೆ ನಮ್ಮ ಹೆಸರನ್ನು ಪಟ್ಟಿಯಲ್ಲಿ ಹುಡುಕಿ ಫಲವೇನು? ಅರ್ಜಿ ನಮೂನೆಯನ್ನು ಸದಸ್ಯರಿಂದ ಮೊದಲೇ ಪಡೆದು, ತುಂಬಿಸಿ, ಸಮಯಕ್ಕೆ ಮುಟ್ಟಿಸಬೇಕು.

ಬೆಳೆ ವಿಮೆ: ಎರಡು ಬಗೆ

ಕೇರಳ ಸರಕಾರದ ಬೆಳೆ ವಿಮಾ ಯೋಜನೆ 1995ರಿಂದ ನಡೆದುಬರುತ್ತಿದೆ. ತೆಂಗು, ಅಡಿಕೆ, ಬಾಳೆ, ಕಾಳುಮೆಣಸು, ರಬ್ಬರ್, ಗೇರು, ಭತ್ತ ಮೊದಲಾಗಿ ನಮ್ಮಲ್ಲಿ ಬೆಳೆಯುವ ಮುಖ್ಯ ಬೆಳೆಗಳೆಲ್ಲ ಇದರಲ್ಲಿ ಸೇರಿವೆ. ತೆಂಗು, ಅಡಿಕೆಯಂತಹ ಮರಗಳಿಗೆ ಕಂತು ಮರವೊಂದಕ್ಕೆ ವರ್ಷಕ್ಕೆ ಒಂದೆರಡು ರೂಪಾಯಿಯ ಲೆಕ್ಕದಲ್ಲಿ ಬರುತ್ತದೆ. ಪೇಟೆಯಲ್ಲಿ ಒಂದು ಚಾಕ್ಕೆ ಕೊಡುವ ಹಣದಲ್ಲಿ ಐದಾರು ಮರಗಳಿಗೆ ರಕ್ಷಣೆ. ಗಾಳಿ, ನೆರೆ, ಗುಡ್ಡ ಕುಸಿತ, ಸಿಡಿಲು ಇವುಗಳಿಂದಾದ ನಷ್ಟಕ್ಕೆ ಪರಿಹಾರವಿದೆ. ಕಾಡುಪ್ರಾಣಿಗಳ ಹಾವಳಿಯೂ ಅನಂತರ ಸೇರಿತು. ಕಂತು ಕಟ್ಟಿದ ಕೂಡಲೇ ವಿಮೆ ಜಾರಿಗೆ ಬರುವುದಿಲ್ಲ, ನಡುವೆ ಕೆಲವು ದಿನಗಳ ಅಂತರವಿದೆ. ಆದುದರಿಂದ ಮೇ ತಿಂಗಳು ಮುಗಿಯುವ ಮೊದಲೇ ಕಟ್ಟಬೇಕು.

ನಷ್ಟವಾದಾಗ ಮಾಡಬೇಕಾದ್ದು ಇಷ್ಟು. ಬಿದ್ದ ಮರಗಳ ಚಿತ್ರವನ್ನು, ಹಿನ್ನೆಲೆಯಲ್ಲಿ ತೋಟ ಕಾಣುವಂತೆ, ಮೊಬೈಲಿನಲ್ಲಿ ತೆಗೆಯಿರಿ. ಅದೇ ದಿನ ಕೃಷಿಭವನಕ್ಕೆ ತಿಳಿಸಿರಿ. ವಿಮೆ ಇರುವವರು 15 ದಿನಗಳೊಳಗೆ, ವಿಮೆ ಇಲ್ಲದೆ ಪ್ರಕೃತಿ ವಿಕೋಪದ ಪರಿಹಾರ ಮಾತ್ರ ಕೇಳುವವರು 10 ದಿನಗಳೊಳಗೆ, ಕೃಷಿ ಇಲಾಖೆಯ ಎ.ಐ.ಎಂ.ಎಸ್. ಜಾಲತಾಣದ ಮೂಲಕ ಅರ್ಜಿ ಹಾಕಬೇಕು. ಅಕ್ಷಯ ಕೇಂದ್ರದಲ್ಲಿ ಇದನ್ನು ಮಾಡಿಕೊಡುತ್ತಾರೆ. ಅಧಿಕಾರಿ ಬಂದು ನೋಡುವವರೆಗೆ ಮರ ಕಡಿದು ಸಾಗಿಸಬೇಡಿ. ತೋಟ ಚೊಕ್ಕಟವಾಗಲಿ ಎಂಬ ಆತುರದಲ್ಲಿ ಸಾಕ್ಷಿಯನ್ನೇ ಸೌದೆ ಮಾಡಿಕೊಂಡವರಿದ್ದಾರೆ.

ಎರಡನೆಯದು ಹವಾಮಾನ ಆಧಾರಿತ ಬೆಳೆ ವಿಮೆ. ಇದು ಕೇಂದ್ರ ಮತ್ತು ರಾಜ್ಯ ಸೇರಿ ನಡೆಸುವಂತಹದು. ಇಲ್ಲಿ ಯಾರೂ ತೋಟಕ್ಕೆ ಬಂದು ಮರ ಎಣಿಸುವುದಿಲ್ಲ. ನಮ್ಮ ಪ್ರದೇಶಕ್ಕೆ ಗೊತ್ತುಪಡಿಸಿದ ಹವಾಮಾನ ಕೇಂದ್ರದಲ್ಲಿ ದಾಖಲಾದ ಮಳೆ, ಉಷ್ಣಾಂಶ ನಿಗದಿತ ಮಿತಿ ಮೀರಿದರೆ ಪರಿಹಾರ ನೇರವಾಗಿ ಖಾತೆಗೆ ಬರುತ್ತದೆ. ಅಡಿಕೆಯಂತಹ ತೋಟಗಾರಿಕಾ ಬೆಳೆಗಳಿಗೆ ಕೃಷಿಕರ ಪಾಲು ವಿಮಾ ಮೊತ್ತದ ಶೇಕಡಾ 5ಕ್ಕೆ ಮೀರುವುದಿಲ್ಲ. ಉಳಿದದ್ದನ್ನು ಸರಕಾರಗಳು ಭರಿಸುತ್ತವೆ. ಸೇರುವ ಕೊನೆಯ ದಿನವನ್ನು ಪ್ರತಿ ಹಂಗಾಮಿಗೂ ಪ್ರಕಟಿಸುತ್ತಾರೆ. ಮುಂಗಾರಿಗೆ ಜೂನ್, ಜುಲೈ ತಿಂಗಳಲ್ಲೂ ಹಿಂಗಾರಿಗೆ ವರ್ಷದ ಕೊನೆಯಲ್ಲೂ ವಿಚಾರಿಸುತ್ತಿರಬೇಕು. 2020ರ ಮುಂಗಾರಿನಿಂದ ಸಾಲಗಾರರಿಗೂ ಇದು ಕಡ್ಡಾಯವಲ್ಲ, ಐಚ್ಛಿಕ. ಬ್ಯಾಂಕ್ ಕಂತು ಕಡಿದುಕೊಂಡಿದ್ದರೆ ಯಾವ ಬೆಳೆಗೆ, ಯಾವ ಪಂಚಾಯತಿಯ ಹೆಸರಿನಲ್ಲಿ ಕಟ್ಟಿದೆ ಎಂಬ ರಸೀದಿ ಕೇಳಿ ಪಡೆಯಿರಿ. ಅಡಿಕೆ ಬೆಳೆಯುವವನಿಗೆ ಬೇರಾವುದೋ ಬೆಳೆಯ ವಿಮೆಯಿದ್ದರೆ ಅದು ಕಷ್ಟಕಾಲಕ್ಕೆ ಆಗುವುದಿಲ್ಲ.

ಪಿ.ಎಂ. ಕಿಸಾನ್ ಹಣ ಏಕೆ ನಿಂತಿತು?

2019ರ ಫೆಬ್ರವರಿಯಲ್ಲಿ ಚಾಲನೆಗೊಂಡ ಈ ಯೋಜನೆಯಲ್ಲಿ ವರ್ಷಕ್ಕೆ 6,000 ರೂಪಾಯಿ, 2,000ದಂತೆ ಮೂರು ಕಂತುಗಳಲ್ಲಿ ಬರುತ್ತದೆ. ಹಣ ನಿಂತವರಲ್ಲಿ ಹೆಚ್ಚಿನವರಿಗೆ ಕಾರಣ ಮೂರರಲ್ಲಿ ಒಂದು: ಇ-ಕೆವೈಸಿ ಆಗಿಲ್ಲ, ಭೂದಾಖಲೆ ಜೋಡಿಸಿಲ್ಲ, ಇಲ್ಲವೇ ಬ್ಯಾಂಕ್ ಖಾತೆಗೆ ಆಧಾರ್ ಸೇರಿಸಿಲ್ಲ. ಮೂರನ್ನೂ ಸರಿಪಡಿಸಬಹುದು. 2019ರ ಫೆಬ್ರವರಿ 1ರಂದು ಜಾಗ ಹೊಂದಿದ್ದವರಿಗೆ ಇದು ಅನ್ವಯಿಸುತ್ತದೆ. ಅನಂತರ ಕೊಂಡವರಿಗೆ ಇಲ್ಲ. ಆದರೆ ಜಾಗದ ಒಡೆಯರು ತೀರಿಕೊಂಡು ವಾರಸುದಾರರಿಗೆ ಬಂದಿದ್ದರೆ ಅವರಿಗೆ ಅರ್ಹತೆ ಇದೆ. ಆದಾಯ ತೆರಿಗೆ ಕಟ್ಟುವವರು, ತಿಂಗಳಿಗೆ 10,000 ರೂಪಾಯಿ ಅಥವಾ ಹೆಚ್ಚು ಪಿಂಚಣಿ ಪಡೆಯುವ ನಿವೃತ್ತರು ಸಾಮಾನ್ಯವಾಗಿ ಇದಕ್ಕೆ ಅರ್ಹರಲ್ಲ. ಅರ್ಹತೆಯಿಲ್ಲದೆ ಪಡೆದ ಹಣವನ್ನು ಮರಳಿ ಕೇಳುತ್ತಾರೆ ಎಂಬುದು ನೆನಪಿರಲಿ. ತೀರಿಹೋದವರ ಖಾತೆಗೆ ಬರುತ್ತಿರುವ ಹಣವನ್ನು ಸುಮ್ಮನೆ ತೆಗೆಯುತ್ತಿರುವುದು ನ್ಯಾಯವೂ ಅಲ್ಲ, ಕ್ಷೇಮವೂ ಅಲ್ಲ.

ಇನ್ನೊಂದು ಎಚ್ಚರ. ಕಿಸಾನ್ ಹಣದ ಹೆಸರಿನಲ್ಲಿ ವಾಟ್ಸಾಪಿನಲ್ಲಿ ಬರುವ ಕೊಂಡಿಯನ್ನು ಒತ್ತಬೇಡಿ. ಒ.ಟಿ.ಪಿ.ಯನ್ನು ಯಾರಿಗೂ ಹೇಳಬೇಡಿ. ಇಲಾಖೆಯವರು ಅದನ್ನು ಫೋನಿನಲ್ಲಿ ಕೇಳುವುದಿಲ್ಲ.

ಸಾಲ ಬೇಕಾದರೆ

ಕಿಸಾನ್ ಕ್ರೆಡಿಟ್ ಕಾರ್ಡ್ 1998ರಲ್ಲಿ ಬಂತು. 3 ಲಕ್ಷ ರೂಪಾಯಿವರೆಗಿನ ಬೆಳೆ ಸಾಲಕ್ಕೆ ಬಡ್ಡಿ ಶೇಕಡಾ 7. ಗಡುವಿನೊಳಗೆ ಮರುಪಾವತಿ ಮಾಡಿದವರಿಗೆ ಶೇಕಡಾ 3ರ ರಿಯಾಯಿತಿ ದೊರೆತು ಕೊನೆಗೆ ಶೇಕಡಾ 4 ಮಾತ್ರ ಬೀಳುತ್ತದೆ. 2025ರ ಜನವರಿ 1ರಿಂದ ಅಡಮಾನವಿಲ್ಲದ ಕೃಷಿ ಸಾಲದ ಮಿತಿಯನ್ನು 1.6 ಲಕ್ಷದಿಂದ 2 ಲಕ್ಷಕ್ಕೆ ಏರಿಸಲಾಯಿತು. ಮನೆಯಲ್ಲಿರುವ ಚಿನ್ನವನ್ನು ಖಾಸಗಿ ಅಂಗಡಿಯಲ್ಲಿ ಹೆಚ್ಚಿನ ಬಡ್ಡಿಗೆ ಇಡುವ ಮೊದಲು ಒಮ್ಮೆ ಬ್ಯಾಂಕಿನಲ್ಲಿ ಈ ಮಾತನ್ನು ಕೇಳಿ ನೋಡಿರಿ. ಇಲ್ಲಿಯೂ ಗಡುವೇ ಮುಖ್ಯ. ಒಂದು ದಿನ ತಪ್ಪಿದರೆ ಆ ಶೇಕಡಾ 3 ಕೈಜಾರುತ್ತದೆ.

ಕನ್ನಡದಲ್ಲಿ ಕೇಳುವ ಹಕ್ಕು

ನಮ್ಮ ಹಿರಿಯರಲ್ಲಿ ಅನೇಕರಿಗೆ ಮಲಯಾಳ ಮಾತು ತಿಳಿದರೂ ಓದಲು ಬರುವುದಿಲ್ಲ. ಮೊಬೈಲಿಗೆ ಬಂದ ಸೂಚನೆ ಮಲಯಾಳದಲ್ಲಿದ್ದರೆ ಅದು ಓದದೆಯೇ ಉಳಿಯುತ್ತದೆ. ಗಡುವೂ ಅದರೊಂದಿಗೆ ಕಳೆದುಹೋಗುತ್ತದೆ. ನಷ್ಟ ಬೆಳೆಯಿಂದ ಆದುದಲ್ಲ, ಅಕ್ಷರದಿಂದ ಆದುದು. ಭಾಷಾ ಅಲ್ಪಸಂಖ್ಯಾತ ಪ್ರದೇಶವೆಂದು ಘೋಷಿತವಾದ ಕಡೆಗಳಲ್ಲಿ ಕನ್ನಡಿಗರು ಸ್ಥಳೀಯ ಸರಕಾರಿ ಕಚೇರಿಗಳೊಂದಿಗೆ ಕನ್ನಡದಲ್ಲೇ ಪತ್ರ ವ್ಯವಹಾರ ಮಾಡಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು ಎಂದು 1969ರ ಕೇರಳ ಅಧಿಕೃತ ಭಾಷೆಗಳ ಕಾಯ್ದೆಯೇ ಹೇಳಿತ್ತು. ಆದುದರಿಂದ ಕನ್ನಡದಲ್ಲಿ ಅರ್ಜಿ ಬರೆಯಲು ಹಿಂಜರಿಯಬೇಡಿ, ಸಂಕೋಚವೂ ಬೇಡ. ವಿನಯದಿಂದ, ಬರವಣಿಗೆಯಲ್ಲಿ ಕೇಳಿರಿ. ಅರ್ಜಿಯ ನಕಲಿನ ಮೇಲೆ ದಿನಾಂಕ ಮತ್ತು ಮೊಹರು ಹಾಕಿಸಿ ಇಟ್ಟುಕೊಳ್ಳಿರಿ.

ತೋಟದೊಂದಿಗೆ ದೇಹವೂ

ಪರಿಹಾರದ ಹಣ ಎಷ್ಟೇ ಬಂದರೂ ಕಳೆದುಹೋದ ಆರೋಗ್ಯ ಮರಳುವುದಿಲ್ಲ. ಮಹಾಳಿ ರೋಗಕ್ಕೆ ಶೇಕಡಾ 1ರ ಬೋರ್ಡೋ ದ್ರಾವಣವನ್ನು ಮಳೆ ಹಿಡಿಯುವ ಮೊದಲೊಮ್ಮೆ, ಅನಂತರ 40ರಿಂದ 45 ದಿನಗಳೊಳಗೆ ಇನ್ನೊಮ್ಮೆ ಸಿಂಪಡಿಸಬೇಕು. 1 ಕಿಲೋ ಮೈಲುತುತ್ತನ್ನು 50 ಲೀಟರ್ ನೀರಿನಲ್ಲೂ 1 ಕಿಲೋ ಸುಣ್ಣವನ್ನು ಇನ್ನೊಂದು 50 ಲೀಟರ್ ನೀರಿನಲ್ಲೂ ಕರಗಿಸಿ, ತುತ್ತಿನ ನೀರನ್ನು ಸುಣ್ಣದ ನೀರಿಗೆ ಹೊಯ್ಯುತ್ತಾ ಕದಡಬೇಕು. ಹೊಳೆಯುವ ಚೂರಿಯನ್ನು ಅದ್ದಿದಾಗ ತಾಮ್ರದ ಬಣ್ಣ ಅಂಟಿದರೆ ಸುಣ್ಣ ಇನ್ನೂ ಬೇಕೆಂದು ಅರ್ಥ. ತುತ್ತು ಕರಗಿಸಲು ಲೋಹದ ಪಾತ್ರೆ ಬಳಸಬೇಡಿ. ಜಾರುವ ಮರ ಹತ್ತುವ ಅಪಾಯಕ್ಕೆ ಬದಲು ನೆಲದಲ್ಲೇ ನಿಂತು ಮದ್ದು ಬಿಡುವ ಉದ್ದನೆಯ ದೋಟಿಗಳು ಈಗ ಬಂದಿವೆ. ಯಂತ್ರೋಪಕರಣಗಳ ಕೇಂದ್ರ ಯೋಜನೆಯಲ್ಲಿ ಸಣ್ಣ ಕೃಷಿಕರಿಗೆ, ಮಹಿಳೆಯರಿಗೆ ಹಲವು ಉಪಕರಣಗಳಿಗೆ ಶೇಕಡಾ 50ರವರೆಗೆ ಸಹಾಯಧನವಿದೆ. ಯಾವುದಕ್ಕೆ ಎಂದು ಕೃಷಿಭವನದಲ್ಲಿ ಕೇಳಿ ತಿಳಿಯಿರಿ. ತೆಂಗು ಹತ್ತುವವರಿಗೆ ತೆಂಗು ಅಭಿವೃದ್ಧಿ ಮಂಡಳಿಯ ಕೇರ ಸುರಕ್ಷಾ ಅಪಘಾತ ವಿಮೆಯಿದೆ. ನಮ್ಮ ಮನೆಗೆ ಕಾಯಿ ಕೀಳಲು ಬರುವವರಿಗೆ ಇದನ್ನು ಹೇಳುವುದು ನಮ್ಮ ಕರ್ತವ್ಯ.

ಮಳೆಗಾಲದಲ್ಲಿ ಕಣಿಯ ನೀರಿಗೆ, ಗದ್ದೆಯ ಕೆಸರಿಗೆ ಇಳಿಯುವವರು ಇಲಿಜ್ವರದ ವಿಷಯದಲ್ಲಿ ಎಚ್ಚರವಾಗಿರಬೇಕು. ಕಾಲಿನ ಗಾಯವನ್ನು ಕಟ್ಟಿಯೇ ಇಳಿಯಿರಿ. ಪ್ರತಿಬಂಧಕವಾಗಿ ವಾರಕ್ಕೊಮ್ಮೆ ತೆಗೆದುಕೊಳ್ಳುವ ಡಾಕ್ಸಿಸೈಕ್ಲಿನ್ ಮಾತ್ರೆ ಸರಕಾರಿ ಆರೋಗ್ಯ ಕೇಂದ್ರದಲ್ಲಿ ಉಚಿತವಾಗಿ ಸಿಗುತ್ತದೆ. ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಬೇಕು, ಗರ್ಭಿಣಿಯರೂ ಮಕ್ಕಳೂ ವಿಶೇಷವಾಗಿ. ಜ್ವರ, ಮೀನಖಂಡದಲ್ಲಿ ನೋವು, ಕಣ್ಣು ಕೆಂಪು ಕಂಡರೆ ಕಷಾಯ ಕುಡಿದು ದಿನ ಕಳೆಯಬೇಡಿ. ಇದರ ಗಡುವು ಎಲ್ಲಕ್ಕಿಂತ ಚಿಕ್ಕದು.

ಒಂದು ಸಲಹೆ

ಪ್ರತಿ ಮನೆಯಲ್ಲೂ ಒಂದು ಫೈಲು ಇರಲಿ. ತೆರಿಗೆ ರಸೀದಿ, ಆಧಾರ್ ನಕಲು, ಪಾಸ್‌ಪುಸ್ತಕದ ಮೊದಲ ಪುಟ, ವಿಮಾ ರಸೀದಿಗಳು ಅದರಲ್ಲಿರಲಿ. ಅದು ಎಲ್ಲಿದೆ ಎಂಬುದು ಮನೆಯ ಹೆಂಗಸರಿಗೂ ತಿಳಿದಿರಲಿ. ಗೋಡೆಯ ಕ್ಯಾಲೆಂಡರಿನಲ್ಲಿ ಎಪ್ರಿಲ್‌ಗೆ ತೆರಿಗೆ, ಮೇಗೆ ವಿಮೆ, ಜೂನ್‌ಗೆ ಹವಾಮಾನ ವಿಮೆ, ಮೂರು ತಿಂಗಳಿಗೊಮ್ಮೆ ಗ್ರಾಮಸಭೆ ಎಂದು ಗುರುತು ಹಾಕಿರಿ. ಮೊಬೈಲ್ ಬಲ್ಲ ಯುವಕ ಯುವತಿಯರು ತಮ್ಮ ವಾಳೆಯ ಹಿರಿಯರ ಮನೆಗಳಿಗೆ ತಿಂಗಳಿಗೊಮ್ಮೆ ಹೋಗಿ ಬಂದ ಸೂಚನೆಗಳನ್ನು ಓದಿ ಹೇಳಿದರೆ, ಅರ್ಧ ಗಂಟೆಯ ಆ ಕೆಲಸ ಒಂದು ಮನೆಯ ವರ್ಷದ ಕಷ್ಟವನ್ನು ತಪ್ಪಿಸಬಹುದು. ವಾಳೆಯ ಗುರಿಕಾರರು ಇಂತಹ ಮನೆಗಳ ಪಟ್ಟಿಯನ್ನು ಮಾಡಿಕೊಡಬೇಕೆಂದು ಕೋರುತ್ತೇವೆ. ಒಂಟಿಯಾಗಿರುವ ಹಿರಿಯರ ಮತ್ತು ವಿಧವೆಯರ ಮನೆಗಳಿಂದಲೇ ಆರಂಭಿಸೋಣ.