ಹಗ್ಗ ಹಿಡಿದೀತು, ಕೆಳಗಿಳಿಸುವವರು ಯಾರು?

ಯಾದಗಿರಿ: ಊರಿನ ಓವರ್‌ಹೆಡ್ ಟ್ಯಾಂಕಿಗೆ ಬಣ್ಣ ಬಳಿಯುವವರು, ಮೊಬೈಲ್ ಟವರ್ ಏರುವವರು, ವಿದ್ಯುತ್ ಕಂಬಗಳ ಲೈನ್‌ಮನ್‌ಗಳು, ಕಡೇಚೂರು-ಬಾಡಿಯಾಳ ಕೈಗಾರಿಕಾ ಪ್ರದೇಶದ ಕಾರ್ಮಿಕರು - ಯಾದಗಿರಿ, ಶಹಾಪುರ, ಸುರಪುರ ಭಾಗದಲ್ಲಿ ಎತ್ತರದ ಕೆಲಸವನ್ನೇ ನೆಚ್ಚಿದವರು ಹಲವರಿದ್ದಾರೆ. 'ಬೆಲ್ಟ್ ಕಟ್ಟಿದೆಯಲ್ಲ' ಎಂಬುದೇ ಇವರಿಗೆ ಸಿಗುವ ಭರವಸೆ. ಆದರೆ ಬೆಲ್ಟ್ ಬೀಳುವುದನ್ನು ತಡೆಯುತ್ತದೆಯೇ ಹೊರತು, ತೂಗಾಡುತ್ತಿರುವವನನ್ನು ಕೆಳಗಿಳಿಸುವುದಿಲ್ಲ.

ಎರಡು ಹಗ್ಗ, ಎರಡು ಆಧಾರ

ಗುಹಾನ್ವೇಷಕರು ಹಾಗೂ ಪರ್ವತಾರೋಹಿಗಳು ರೂಢಿಸಿದ ಹಗ್ಗದ ವಿದ್ಯೆ 1980ರ ದಶಕದಲ್ಲಿ ಬ್ರಿಟನ್ನಿನ ಉತ್ತರ ಸಮುದ್ರದ ತೈಲ ಸ್ಥಾವರಗಳಲ್ಲಿ ದುಡಿಮೆಯ ವಿಧಾನವಾಯಿತು. ಇದರ ಮೂಲ ನಿಯಮ ಸರಳ: ಒಂದು ಹಗ್ಗ ಕೆಲಸಕ್ಕೆ, ಇನ್ನೊಂದು ರಕ್ಷಣೆಗೆ, ಎರಡಕ್ಕೂ ಪ್ರತ್ಯೇಕ ಆಧಾರ. ಶಹಾಪುರ, ಸುರಪುರದ ಬೆಟ್ಟಗಳಲ್ಲಿ ಕಾಣುವ ಬಿಡಿ ಗುಂಡು ಎಷ್ಟೇ ದೊಡ್ಡದಿದ್ದರೂ, ಅದು ಅಲುಗದೆಂದು ಖಚಿತವಾಗದ ಹೊರತು ಆಧಾರವಲ್ಲ. ಬಂಡೆಯ ಚೂಪು ಅಂಚಿಗೆ ಹಗ್ಗ ಉಜ್ಜದಂತೆ ದಪ್ಪ ಬಟ್ಟೆಯ ಹೊದಿಕೆಯೂ ಬೇಕು.

ಎರಡು ಆಧಾರಗಳಿಂದ ಬಂದ ಹಗ್ಗಗಳು ಒಂದೆಡೆ ಸೇರಿ ಭಾರ ಹೊರುವಾಗ ನಡುವಿನ ಕೋನವೂ ಮುಖ್ಯ. 100 ಕಿಲೋ ಭಾರಕ್ಕೆ ಕೋನ 60 ಡಿಗ್ರಿ ಇದ್ದರೆ ಪ್ರತಿ ಆಧಾರದ ಮೇಲೆ ಸುಮಾರು 58 ಕಿಲೋ ಬೀಳುತ್ತದೆ. ಕೋನ 120 ಡಿಗ್ರಿಯಾದರೆ ಪ್ರತಿಯೊಂದೂ ಪೂರ್ಣ 100 ಕಿಲೋ ಹೊರಬೇಕು; ಹಂಚಿಕೆಯ ಲಾಭವೇ ಇಲ್ಲ.

ಬೀಳುವ ದೂರ

ಎರಡು ಮೀಟರಿನ ಹಗ್ಗವನ್ನು ತಲೆಯ ಮೇಲೆ ಕಟ್ಟಿಕೊಂಡವನು ಬೀಳುವುದು ಅತ್ಯಲ್ಪ. ಪಾದದ ಮಟ್ಟದಲ್ಲಿ ಕಟ್ಟಿಕೊಂಡವನು ಸುಮಾರು ನಾಲ್ಕು ಮೀಟರ್ ಬೀಳುತ್ತಾನೆ. ಆ ಹೊಡೆತವನ್ನು ಸೊಂಟದ ಬೆಲ್ಟ್ ಮಾತ್ರ ತಡೆದರೆ ಬೆನ್ನುಮೂಳೆ, ಹೊಟ್ಟೆಗೆ ಅಪಾಯ. ಆದ್ದರಿಂದಲೇ ಎದೆ, ತೊಡೆಗಳನ್ನೂ ಬಳಸುವ ಪೂರ್ಣದೇಹದ ಹಾರ್ನೆಸ್ ಮತ್ತು ಆಘಾತ ಹೀರುವ ಪಟ್ಟಿ ಅಗತ್ಯ. ಪಟ್ಟಿ ಬಿಚ್ಚಿಕೊಳ್ಳಲು ಕೆಳಗೆ ಆರು ಮೀಟರಿಗೂ ಹೆಚ್ಚು ಜಾಗ ಬೇಕಾಗಬಹುದು. ಇಲ್ಲವಾದರೆ ಹಗ್ಗ ತಡೆಯುವ ಮೊದಲೇ ನೆಲ ಬಂದಿರುತ್ತದೆ.

ನಿಮಿಷಗಳ ಲೆಕ್ಕ

ಹಾರ್ನೆಸ್‌ನಲ್ಲಿ ಅಲುಗಾಡದೆ ತೂಗುವವನ ಕಾಲುಗಳಲ್ಲಿ ರಕ್ತ ಶೇಖರಗೊಂಡು, ಕೆಲವೇ ನಿಮಿಷಗಳಲ್ಲಿ ಪ್ರಜ್ಞೆ ತಪ್ಪಬಹುದು. ಪ್ರಜ್ಞೆಯಿದ್ದರೆ ಕಾಲೂರಿ ನಿಲ್ಲಲು ಹಗ್ಗದ ಕುಣಿಕೆ ನೀಡಬೇಕು, ಕಾಲಾಡಿಸಲು ಹೇಳಬೇಕು. ಇಳಿಸಿದ ಬಳಿಕ ಬಲವಂತವಾಗಿ ಕುಳ್ಳಿರಿಸಬೇಕೆಂಬ ಹಳೆಯ ಸಲಹೆಯನ್ನು ತಜ್ಞರು ಈಗ ಕೈಬಿಟ್ಟಿದ್ದಾರೆ. ಮಲಗಿಸಿ, ಉಸಿರಾಟ ಗಮನಿಸಿ, ಸಾಮಾನ್ಯ ಪ್ರಥಮ ಚಿಕಿತ್ಸೆಯನ್ನೇ ನೀಡಬೇಕು.

2022ರ ಫೆಬ್ರುವರಿ 20ರಂದು ನಂದಿ ಬೆಟ್ಟದ ಬಳಿ ಬಂಡೆಯಿಂದ ಜಾರಿ ಸಿಲುಕಿದ್ದ ವಿದ್ಯಾರ್ಥಿಯನ್ನು ವಾಯುಪಡೆಯ ಹೆಲಿಕಾಪ್ಟರ್ ಮೇಲೆತ್ತಿತು. ಯಲಹಂಕದ ವಾಯುನೆಲೆ ಅಲ್ಲಿಗೆ ಸಮೀಪ. ಬೆಂಗಳೂರಿನಿಂದ ಸುಮಾರು 500 ಕಿ.ಮೀ. ದೂರದ ಯಾದಗಿರಿಯಲ್ಲಿ ಟವರಿನ ಮೇಲೆ ತೂಗುವವನು ಅಂತಹ ನೆರವಿಗೆ ಕಾಯಲಾರ. 112ಕ್ಕೆ ಕರೆ ಮಾಡಲೇಬೇಕು. ವಿದ್ಯುತ್ ಮಾರ್ಗವಾದರೆ ಸಂಪರ್ಕ ಕಡಿತವಾದುದು ಖಚಿತವಾಗದೆ ಯಾರೂ ಹತ್ತಿರ ಹೋಗಬಾರದು. ಆದರೂ ಮೊದಲ ನಿಮಿಷಗಳಲ್ಲಿ ನೆರವಾಗಬಲ್ಲವರು ಸ್ಥಳದಲ್ಲಿರುವ ಸಹೋದ್ಯೋಗಿಗಳೇ.

ಅದಕ್ಕೆ ದುಬಾರಿ ಏರ್ಪಾಡು ಬೇಕಿಲ್ಲ. ಹಗ್ಗವನ್ನು ಆಧಾರಕ್ಕೆ ಗಂಟು ಹಾಕಿ ಬಿಡುವ ಬದಲು, ಇಳಿಸುವ ಸಾಧನದ ಮೂಲಕ ಹಾಯಿಸಿ ಭದ್ರಪಡಿಸಿ, ಮಿಕ್ಕ ಹಗ್ಗವನ್ನು ಬಳಿಯಲ್ಲೇ ಇಟ್ಟರೆ, ತರಬೇತಿ ಪಡೆದ ಒಬ್ಬನೇ ಅವನನ್ನು ನಿಧಾನವಾಗಿ ನೆಲಕ್ಕಿಳಿಸಬಲ್ಲ. ಯಾರು ಇಳಿಸುತ್ತಾರೆ, ಯಾವುದರಿಂದ, ಎಷ್ಟು ನಿಮಿಷದಲ್ಲಿ? ಈ ಮೂರು ಪ್ರಶ್ನೆಗಳಿಗೆ ಗುತ್ತಿಗೆದಾರರ ಬಳಿ ಉತ್ತರವಿಲ್ಲದಿದ್ದರೆ ಕಾರ್ಮಿಕ ಮೇಲೇರದಿರುವುದೇ ಲೇಸು.